ಮೀನು ಕೃಷಿಕರು ಸಲಹಾ ಸೇವೆಗೆ ಹಣ ಕೊಡುವುದು ಹೇಗೆ: ಲೆಕ್ಕಾಚಾರ, ಆಯ್ಕೆ ಮತ್ತು ಒಪ್ಪಂದ

ಅಭಿವೃದ್ಧಿಶೀಲ ದೇಶಗಳಲ್ಲಿ ಮೀನು ಸಾಕಣೆ ಬೆಳೆದಷ್ಟು ವೇಗವಾಗಿ ಅದಕ್ಕೆ ಬೇಕಾದ ಸರ್ಕಾರಿ ಸಲಹಾ ವ್ಯವಸ್ಥೆ ಬೆಳೆದಿಲ್ಲ. ಕೃಷಿ ವಿಸ್ತರಣಾಧಿಕಾರಿಗೆ ಬೆಳೆ, ಮಣ್ಣು, ಗೊಬ್ಬರಗಳ ತಿಳಿವಳಿಕೆ ಇರುತ್ತದೆಯೇ ಹೊರತು ಕೊಳದ ನೀರಿನ ಒಳಗುಟ್ಟು ಗೊತ್ತಿರುವುದು ಅಪರೂಪ. ಮೀನುಗಾರಿಕೆ ಇಲಾಖೆಯ ಅಧಿಕಾರಿಗೆ ಅದು ಗೊತ್ತಿದ್ದರೂ, ಹತ್ತಾರು ಊರುಗಳಲ್ಲಿ ಹಂಚಿಹೋಗಿರುವ ಕೊಳಗಳನ್ನು ಸುತ್ತಿ ಬರಲು ವಾಹನವಾಗಲಿ ಪ್ರಯಾಣ ಭತ್ಯೆಯಾಗಲಿ ಅನೇಕ ಕಡೆ ಸಿಗುವುದಿಲ್ಲ. ಈ ಕೊರತೆಯನ್ನು ಆಹಾರ ಕಂಪನಿಯ ಪ್ರತಿನಿಧಿಗಳು, ಔಷಧ ಮಾರಾಟಗಾರರು, ಮರಿ ಪೂರೈಸುವವರು ಮತ್ತು ಖಾಸಗಿ ತಂತ್ರಜ್ಞರು ತುಂಬುತ್ತಿದ್ದಾರೆ. ಹೀಗಾಗಿ ಸಲಹೆಗೆ ಹಣ ಕೊಡಬೇಕೇ, ಕೊಡುವುದಾದರೆ ಯಾರಿಗೆ, ಎಷ್ಟು, ಯಾವ ಷರತ್ತಿನ ಮೇಲೆ ಎಂಬ ಪ್ರಶ್ನೆ ಸಣ್ಣ ಹಾಗೂ ಮಧ್ಯಮ ಮೀನು ಕೃಷಿಕರ ಮುಂದೆ ಬಂದು ನಿಂತಿದೆ. ಆ ನಿರ್ಧಾರವನ್ನು ಹಂತ ಹಂತವಾಗಿ ತೆಗೆದುಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಉಚಿತವೆಂದು ಸಿಗುವ ಸಲಹೆಗೂ ಬೆಲೆಯಿದೆ. ಅದು ಆಹಾರದ ಚೀಲದ ಬೆಲೆಯಲ್ಲಿ, ಔಷಧದ ಡಬ್ಬಿಯ ಬೆಲೆಯಲ್ಲಿ, ಸಾಲದ ಬಡ್ಡಿಯಲ್ಲಿ ಸೇರಿಕೊಂಡಿರುತ್ತದೆ. ಬಾಂಗ್ಲಾದೇಶದಲ್ಲಿ ಪಾತ್ರೆಗಳಲ್ಲಿ ಮೀನುಮರಿ ಹೊತ್ತು ಊರೂರಿಗೆ ಮಾರುವವರು ಎಷ್ಟು ಮರಿ ಬಿಡಬೇಕು, ಯಾವ ತಳಿಯನ್ನು ಯಾವುದರ ಜೊತೆ ಬೆರೆಸಬೇಕು ಎಂಬುದನ್ನೂ ಹೇಳಿಕೊಡುತ್ತ ಬಂದಿದ್ದಾರೆ. ಭಾರತ ಮತ್ತು ವಿಯೆಟ್ನಾಮಿನ ಸಿಗಡಿ ಪ್ರದೇಶಗಳಲ್ಲಿ ಆಹಾರವನ್ನೂ ಔಷಧವನ್ನೂ ಸಾಲಕ್ಕೆ ಕೊಡುವ ವ್ಯಾಪಾರಿಗಳೇ ನೀರು ನೋಡಿ ಮಾತು ಹೇಳುವುದುಂಟು. ಇವರಿಂದ ಕೃಷಿಕರಿಗೆ ಉಪಕಾರವಾಗಿಲ್ಲ ಎನ್ನುವಂತಿಲ್ಲ. ಬೇರೆ ಯಾರೂ ಬಾರದ ಕಡೆಗೆ ಅವರು ಬಂದಿದ್ದಾರೆ. ಆದರೆ ಕಾಯಿಲೆ ಯಾವುದೆಂದು ಹೇಳುವವರ ಸಂಪಾದನೆ ಔಷಧದ ಮಾರಾಟದಿಂದಲೇ ಬರುತ್ತಿದ್ದರೆ, "ಎರಡು ದಿನ ಆಹಾರ ನಿಲ್ಲಿಸಿ, ನೀರು ಬದಲಿಸಿ, ಏನನ್ನೂ ಕೊಳ್ಳಬೇಡಿ" ಎಂಬ ಸಲಹೆ ಅವರ ಬಾಯಿಂದ ಸುಲಭವಾಗಿ ಬರುವುದಿಲ್ಲ. ಕೊಳದಲ್ಲಿ ಕಾಣುವ ತೊಂದರೆಗಳಲ್ಲಿ ಬಹುಪಾಲಿಗೆ ಬೇಕಾದ ಸಲಹೆ ಮಾತ್ರ ಅದೇ ಜಾತಿಯದು. ಆದ್ದರಿಂದ ಸಲಹೆಗಾರರಿಗೆ ನೇರವಾಗಿ ಶುಲ್ಕ ಕೊಡುವುದರ ಮುಖ್ಯ ಲಾಭವೆಂದರೆ, ಏನನ್ನೂ ಮಾರಬೇಕಾದ ಒತ್ತಡವಿಲ್ಲದೆ ಅವರು ನಿಮ್ಮ ಕೊಳದ ಬಗ್ಗೆ ಮಾತನಾಡಬಲ್ಲರು.

ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬಾರದು

ಎಲ್ಲ ಸಲಹೆಯೂ ಹಣ ಕೊಟ್ಟು ಪಡೆಯುವಂಥದ್ದಲ್ಲ. ಸಾಂಕ್ರಾಮಿಕ ರೋಗದ ಎಚ್ಚರಿಕೆ, ನದಿ ಅಥವಾ ಕಾಲುವೆಯ ನೀರಿನ ಮಾಲಿನ್ಯ, ನಿಷೇಧಿತ ಔಷಧಗಳ ಪಟ್ಟಿ, ಪರವಾನಗಿಯ ನಿಯಮ, ಯಾವ ತಳಿಯನ್ನು ಸಾಕಬಹುದೆಂಬ ಆದೇಶ ಇವೆಲ್ಲ ಸರ್ಕಾರ ತನ್ನ ಖರ್ಚಿನಲ್ಲೇ ತಿಳಿಸಬೇಕಾದ ಸಂಗತಿಗಳು. ಒಬ್ಬರು ಹಣ ಕೊಟ್ಟು ಪಡೆದರೂ ಈ ಮಾಹಿತಿಯ ಪ್ರಯೋಜನ ಅಕ್ಕಪಕ್ಕದವರಿಗೆಲ್ಲ ಸಿಗುತ್ತದೆ. ಹಾಗಾಗಿ ಯಾರೂ ಕೊಡಲು ಮುಂದಾಗುವುದಿಲ್ಲ, ಕೊನೆಗೆ ನಷ್ಟ ಮಾತ್ರ ಎಲ್ಲರಿಗೂ ಆಗುತ್ತದೆ. ಸಿಗಡಿಯ ಬಿಳಿಚುಕ್ಕೆ ರೋಗದಂಥದ್ದು ಒಂದು ಕೊಳದಲ್ಲಿ ಕಾಣಿಸಿಕೊಂಡಾಗ ಆ ಕೊಳದ ನೀರನ್ನು ಹೊರಬಿಡದಂತೆ ತಡೆಯುವುದು ಸುತ್ತಲಿನ ಎಲ್ಲ ಕೊಳಗಳ ಉಳಿವಿನ ಪ್ರಶ್ನೆ. ಇಂಥ ಸೇವೆಗೆ ಕೃಷಿಕರ ಕೈಯಿಂದ ಶುಲ್ಕ ಕೇಳಿದರೆ ಅದನ್ನು ಪ್ರಶ್ನಿಸುವುದೇ ಸರಿ.

ಹಣ ಕೊಡಬೇಕಾದದ್ದು ನಿಮ್ಮ ಕೊಳಕ್ಕೇ ಸಂಬಂಧಿಸಿದ, ನಿಮಗೇ ಲಾಭ ತರುವ ಕೆಲಸಕ್ಕೆ. ಬಿತ್ತನೆಯ ಸಾಂದ್ರತೆಯನ್ನು, ಅಂದರೆ ಕೊಳದ ಅಳತೆಗೆ ಎಷ್ಟು ಮರಿ ಬಿಡಬೇಕೆಂಬುದನ್ನು, ನಿರ್ಧರಿಸುವುದು, ಆಹಾರದ ಪ್ರಮಾಣವನ್ನು ಮೀನಿನ ತೂಕಕ್ಕೆ ಹೊಂದಿಸುವುದು, ನೀರನ್ನು ಕೊಳದ ಬಳಿಯಲ್ಲೇ ಪರೀಕ್ಷಿಸುವುದು, ಮರಿಗಳ ಗುಣಮಟ್ಟ ನೋಡುವುದು, ಹೊಸ ಕೊಳಕ್ಕೆ ಜಾಗ ಮತ್ತು ಮಣ್ಣು ಪರಿಶೀಲಿಸುವುದು, ಮೀನು ಹಿಡಿಯುವ ಸಮಯವನ್ನು ಬೆಲೆ ನೋಡಿ ತೀರ್ಮಾನಿಸುವುದು, ಲೆಕ್ಕ ಬರೆಯುವ ಕ್ರಮ ಕಲಿಸುವುದು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಕೊಳ ತೋಡುವ ಮುನ್ನ ಪಡೆಯುವ ಸಲಹೆಯೇ ಅತ್ಯಂತ ಬೆಲೆಬಾಳುವಂಥದ್ದು ಎಂದು ನನಗನಿಸುತ್ತದೆ. ನೀರು ನಿಲ್ಲದ ಮಣ್ಣಿನಲ್ಲಿ ತೋಡಿದ ಕೊಳವನ್ನು ಆಮೇಲೆ ಯಾವ ತಜ್ಞರೂ ಸುಲಭವಾಗಿ ಸರಿಪಡಿಸಲಾರರು, ಆದರೂ ಹೆಚ್ಚಿನವರು ಸಲಹೆಗಾರರನ್ನು ಹುಡುಕುವುದು ಮೀನು ಸಾಯತೊಡಗಿದ ಮೇಲೆ.

ಎಷ್ಟು ಕೊಡಬಹುದೆಂಬುದನ್ನು ಆಹಾರದ ತೂಕದಲ್ಲಿ ಅಳೆಯಿರಿ

ಸಲಹೆಗಾರರು ಕೇಳುವ ಶುಲ್ಕ ಹೆಚ್ಚೋ ಕಡಿಮೆಯೋ ಎಂಬುದು ಹಣದ ಮೊತ್ತ ನೋಡಿದರೆ ತಿಳಿಯುವುದಿಲ್ಲ. ಆಹಾರ ಕೊಟ್ಟು ಬೆಳೆಸುವ ಮೀನು ಸಾಕಣೆಯಲ್ಲಿ ನಿರ್ವಹಣಾ ವೆಚ್ಚದ ಅರ್ಧಕ್ಕಿಂತ ಹೆಚ್ಚು ಪಾಲು ಸಾಮಾನ್ಯವಾಗಿ ಆಹಾರಕ್ಕೇ ಹೋಗುತ್ತದೆ. ಆದ್ದರಿಂದ ಸಲಹೆಯ ಬೆಲೆಯನ್ನೂ ಉಳಿಯುವ ಆಹಾರದ ಕಿಲೋಗಳಲ್ಲಿ ಅಳೆದರೆ ಲೆಕ್ಕ ಸರಳವಾಗುತ್ತದೆ. ಯಾವ ದೇಶದ ನಾಣ್ಯಕ್ಕೂ ಇದು ಹೊಂದುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಕೊಳವೊಂದಕ್ಕೆ 5,000 ಮರಿ ಬಿಟ್ಟಿದ್ದೀರಿ, ಅವುಗಳಲ್ಲಿ ಶೇ. 80ರಷ್ಟು ಬದುಕಿ ತಲಾ ಅರ್ಧ ಕಿಲೋ ತೂಗಿದರೆ ಒಟ್ಟು 2,000 ಕಿಲೋ ಮೀನು ಸಿಗುತ್ತದೆ. ಒಂದು ಕಿಲೋ ಮೀನು ಬೆಳೆಯಲು ನಿಮ್ಮ ಕೊಳದಲ್ಲಿ 1.8 ಕಿಲೋ ಆಹಾರ ಹಿಡಿಯುತ್ತಿದ್ದರೆ 3,600 ಕಿಲೋ ಆಹಾರ ಖರ್ಚಾಗುತ್ತದೆ. ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ, ಮೀನಿನ ಬಾಯಿಯ ಅಳತೆಗೆ ತಕ್ಕ ಗುಳಿಗೆ ಹಾಕಿ ಅದನ್ನು 1.6ಕ್ಕೆ ಇಳಿಸಿದರೆ 3,200 ಕಿಲೋ ಸಾಕಾಗುತ್ತದೆ. ಉಳಿತಾಯ 400 ಕಿಲೋ.

ಈ 400 ಕಿಲೋ ಆಹಾರದ ಬೆಲೆಯನ್ನೆಲ್ಲ ಶುಲ್ಕವಾಗಿ ಕೊಡಬಹುದೆಂದು ಇದರ ಅರ್ಥವಲ್ಲ. ಹೇಳಿದ ಸಲಹೆಯೆಲ್ಲ ಫಲಿಸುವುದಿಲ್ಲ, ಫಲಿಸಿದರೂ ಅದನ್ನು ಪಾಲಿಸುವ ಶ್ರಮ ಕೃಷಿಕರದೇ. ಹಾಗಾಗಿ ನಿರೀಕ್ಷಿತ ಉಳಿತಾಯದ ಅರ್ಧವನ್ನಷ್ಟೇ, ಅಂದರೆ 200 ಕಿಲೋವನ್ನಷ್ಟೇ, ನಂಬಿ ಲೆಕ್ಕ ಹಾಕಿ, ಅದರಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಶುಲ್ಕದ ಗರಿಷ್ಠ ಮಿತಿಯಾಗಿ ಇಟ್ಟುಕೊಳ್ಳುವುದು ವಿವೇಕ. ಈ ಕೊಳದ ಮಟ್ಟಿಗೆ ಇಡೀ ಬೆಳೆಯ ಅವಧಿಗೆ ಸುಮಾರು 70ರಿಂದ 100 ಕಿಲೋ ಆಹಾರದ ಬೆಲೆಯೇ ಆ ಮಿತಿ. ಹೆಚ್ಚು ಮೀನು ಬದುಕಿ ಉಳಿಯುವುದರಿಂದ ಬರುವ ಲಾಭವನ್ನೂ ಸೇರಿಸಬಹುದು, ಆದರೆ ಉಳಿದ ಮೀನೂ ಆಹಾರ ತಿನ್ನುತ್ತದೆ ಎಂಬುದನ್ನು ಮರೆಯದೆ ಆ ಖರ್ಚನ್ನು ಕಳೆದೇ ಸೇರಿಸಬೇಕು.

ಇದೇ ಲೆಕ್ಕವನ್ನು 200 ಕಿಲೋ ಮೀನು ಬೆಳೆಯುವ ಚಿಕ್ಕ ಕೊಳಕ್ಕೆ ಅನ್ವಯಿಸಿದರೆ ಮಿತಿ 7ರಿಂದ 10 ಕಿಲೋ ಆಹಾರದ ಬೆಲೆಗೆ ಇಳಿಯುತ್ತದೆ. ಅಷ್ಟು ಹಣಕ್ಕೆ ದೂರದಿಂದ ಯಾವ ತಂತ್ರಜ್ಞರೂ ಹಲವು ಬಾರಿ ಬರಲಾರರು. ಸಣ್ಣ ಕೃಷಿಕರು ಸಲಹೆಗೆ ಹಣ ಕೊಡುವುದಿಲ್ಲ ಎಂಬ ದೂರಿನ ಹಿಂದೆ ಅನೇಕ ವೇಳೆ ಇರುವುದು ಮನಸ್ಸಿನ ಕೊರತೆಯಲ್ಲ, ಈ ಅಂಕಗಣಿತ. ಅಂಥ 20 ಕೊಳಗಳವರು ಒಟ್ಟುಗೂಡಿದರೆ ಮಾತ್ರ ಲೆಕ್ಕ ಕೂಡಿಬರುತ್ತದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಬೇರೆ ದೇಶಗಳ ಅನುಭವದಿಂದ ತಿಳಿಯುವುದು

ಚಿಲಿ ದೇಶವು 1978ರಲ್ಲಿ ರೈತರ ಕೈಗೇ ಕೂಪನ್ ಕೊಟ್ಟು, ಅದರಿಂದ ಖಾಸಗಿ ಸಲಹೆಗಾರರನ್ನು ನೇಮಿಸಿಕೊಳ್ಳುವ ವ್ಯವಸ್ಥೆಯನ್ನು ಆರಂಭಿಸಿತು. ಉಗಾಂಡ 2001ರಲ್ಲಿ ಕಾನೂನು ಮಾಡಿ, ರೈತ ಗುಂಪುಗಳು ತಮಗೆ ಬೇಕಾದ ಉದ್ಯಮವನ್ನು ತಾವೇ ಆರಿಸಿಕೊಂಡು ಗುತ್ತಿಗೆ ಸಲಹೆಗಾರರಿಂದ ಸೇವೆ ಪಡೆಯುವ ಕ್ರಮವನ್ನು ತಂದಿತು. 2014ರ ಹೊತ್ತಿಗೆ ಅದನ್ನು ಬಹುಮಟ್ಟಿಗೆ ಬದಲಿಸಲಾಯಿತು, ಬೀಜ ಮತ್ತು ಮರಿಗಳ ಹಂಚಿಕೆ ಮುಂದೆ ಬಂದು ಸಲಹೆ ಹಿಂದೆ ಸರಿಯಿತು. ಕೀನ್ಯಾದಲ್ಲಿ 2009ರ ಆರ್ಥಿಕ ಉತ್ತೇಜನ ಯೋಜನೆಯಡಿ ಸರ್ಕಾರದ ಹಣದಲ್ಲೇ ಸಾವಿರಾರು ಮೀನು ಕೊಳಗಳು ನಿರ್ಮಾಣವಾದವು. ನೆರವು ನಿಂತ ಮೇಲೆ ಅವುಗಳಲ್ಲಿ ಅನೇಕವು ಪಾಳುಬಿದ್ದವು, ಕಾರಣ ಕೊಳದ ಜೊತೆಗೆ ಆಹಾರ, ಮರಿ ಮತ್ತು ಸಲಹೆಗಳು ನಿರಂತರವಾಗಿ ಸಿಗುವ ಏರ್ಪಾಡು ಬೆಳೆಯಲಿಲ್ಲ. ಕೃಷಿಕರು ಇದರಿಂದ ಗಮನಿಸಬೇಕಾದ ಮಾತೆಂದರೆ, ಯೋಜನೆಯೊಂದರ ಹಣದಲ್ಲಿ ಬರುವ ಸಲಹೆ ಆ ಯೋಜನೆಯೊಂದಿಗೇ ಮುಗಿಯುತ್ತದೆ. ನೆರವು ಸಿಗುತ್ತಿರುವಾಗಲೇ ಖರ್ಚಿನ ಒಂದು ಸಣ್ಣ ಪಾಲನ್ನು ತಾವೇ ಕೊಡುವ ರೂಢಿ ಮಾಡಿಕೊಂಡವರು ಅದು ನಿಂತಾಗ ಒಮ್ಮೆಲೇ ದಿಕ್ಕುಗೆಡುವುದಿಲ್ಲ.

ಸಲಹೆಗಾರರನ್ನು ಆರಿಸುವಾಗ

ಪದವಿ ಪ್ರಮಾಣಪತ್ರ ಮುಖ್ಯ, ಆದರೆ ಅದಷ್ಟೇ ಸಾಲದು. ಈಗಾಗಲೇ ಅವರಿಂದ ಸಲಹೆ ಪಡೆಯುತ್ತಿರುವ ಎರಡು ಮೂರು ಕೊಳಗಳಿಗೆ ಹೋಗಿ, ಸಲಹೆಗಾರರು ಇಲ್ಲದಿರುವಾಗ ಮಾತನಾಡಿ. ಕಳೆದ ಬೆಳೆಯಲ್ಲಿ ಒಂದು ಕಿಲೋ ಮೀನಿಗೆ ಎಷ್ಟು ಆಹಾರ ಹಿಡಿಯಿತು ಎಂದು ಆ ಕೃಷಿಕರನ್ನು ಕೇಳಿ. ಉತ್ತರ ಅವರ ಪುಸ್ತಕದಲ್ಲಿದ್ದರೆ ಸಲಹೆಗಾರರು ಕಲಿಸುವವರೆಂದು ತಿಳಿಯಬಹುದು. ಯಾವುದಾದರೂ ಆಹಾರ ಅಥವಾ ಔಷಧ ಕಂಪನಿಯಿಂದ ಅವರಿಗೆ ಕಮಿಷನ್ ಬರುತ್ತದೆಯೇ ಎಂದು ನೇರವಾಗಿ, ಸಂಕೋಚವಿಲ್ಲದೆ ವಿಚಾರಿಸಿ. ಬರುತ್ತದೆ ಎಂದು ಒಪ್ಪಿಕೊಳ್ಳುವವರನ್ನು ಅಷ್ಟಕ್ಕೇ ತಿರಸ್ಕರಿಸಬೇಕಾಗಿಲ್ಲ, ಏಕೆಂದರೆ ತಿಳಿದ ಹಿತಾಸಕ್ತಿಯನ್ನು ಲೆಕ್ಕಕ್ಕೆ ತೆಗೆದುಕೊಂಡು ಶುಲ್ಕ ಇಳಿಸಿಕೊಳ್ಳಬಹುದು. ಮುಚ್ಚಿಡುವವರಿಂದ ದೂರವಿರುವುದೇ ಲೇಸು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್‌ನಂಥ ಔಷಧಗಳನ್ನು ಸೂಚಿಸುವವರನ್ನಂತೂ ಕೂಡಲೇ ಬಿಡಬೇಕು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಅವುಗಳ ಬಳಕೆ ಅನೇಕ ದೇಶಗಳಲ್ಲಿ ನಿಷಿದ್ಧವಾಗಿದೆ, ಅವುಗಳ ಅಂಶ ಕಂಡುಬಂದರೆ ರಫ್ತಾದ ಮಾಲು ತಿರಸ್ಕೃತವಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಅವು ತಿನ್ನುವವರ ಆರೋಗ್ಯಕ್ಕೆ ಹಾನಿಕರ.

ಒಂದು ಭೇಟಿಗಷ್ಟೇ ಹಣ ಕೊಟ್ಟು ಪರೀಕ್ಷಿಸಿ ನೋಡುವುದು ಅತ್ಯುತ್ತಮ ವಿಧಾನ. ಆ ಭೇಟಿಯನ್ನು ನಸುಕಿನಲ್ಲಿ ಇಟ್ಟುಕೊಳ್ಳಲು ಹೇಳಿ. ರಾತ್ರಿಯಿಡೀ ಪಾಚಿಯೂ ಮೀನೂ ಉಸಿರಾಡಿ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಂಡಿರುವುದರಿಂದ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಅದು ಅತ್ಯಂತ ಕೆಳಮಟ್ಟಕ್ಕೆ ಇಳಿದಿರುತ್ತದೆ. ಕೊಳದ ನಿಜಸ್ಥಿತಿ ತಿಳಿಯುವುದು ಆಗಲೇ. ಒಳ್ಳೆಯ ಸಲಹೆಗಾರರು ಬಂದೊಡನೆ ಮಾತು ಆರಂಭಿಸುವುದಿಲ್ಲ. ಏರಿಯ ಮೇಲೆ ಒಂದು ಸುತ್ತು ನಡೆಯುತ್ತಾರೆ, ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದೆಯೇ ಎಂದು ನೋಡುತ್ತಾರೆ, ಗಾಳಿ ತಳ್ಳಿದ ಮೂಲೆಯಲ್ಲಿ ಉಳಿದ ಆಹಾರ ತೇಲುತ್ತಿದೆಯೇ ಎಂದು ಬಗ್ಗಿ ಗಮನಿಸುತ್ತಾರೆ. ಮಾಪಕವನ್ನು ಮೇಲ್ಪದರದಲ್ಲೂ ತಳದ ಹತ್ತಿರವೂ ಇಳಿಸಿ ಆಮ್ಲಜನಕ ಅಳೆಯುತ್ತಾರೆ. ಗೆಂಡೆ, ತಿಲಾಪಿಯಾಗಳಂಥ ಮೀನುಗಳಿಗೆ ಲೀಟರಿಗೆ 5 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಹಿತ, 3ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಬೆಳವಣಿಗೆ ಕುಂಠಿತವಾಗುತ್ತಿದೆ ಎಂದರ್ಥ. ಬೆಳಕು ಹರಿದು ಬಿಸಿಲು ಬಿದ್ದ ಮೇಲೆ ಕಪ್ಪು ಬಿಳುಪಿನ ತಟ್ಟೆಯನ್ನು ನೀರಿಗಿಳಿಸಿ ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಎಂದು ನೋಡುತ್ತಾರೆ. 25ರಿಂದ 40 ಸೆಂಟಿಮೀಟರ್ ಇದ್ದರೆ ಪಾಚಿ ಹದವಾಗಿದೆ. ಬೀಸುಬಲೆ ಹಾಕಿಸಿ ಕೆಲವು ಮೀನು ಹಿಡಿದು ತೂಗುತ್ತಾರೆ, ಕಿವಿರು ಎತ್ತಿ ಬಣ್ಣ ನೋಡುತ್ತಾರೆ. ಆಮೇಲೆ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ನಿನ್ನೆ ಆಹಾರ ಹಾಕಿದವರು ಯಾರು ಎಂಬುದು.

ಆ ಪ್ರಶ್ನೆಗೆ ವಿಶೇಷ ಬೆಲೆಯಿದೆ. ಕೊಳ ಗಂಡಸಿನ ಹೆಸರಿನಲ್ಲಿದ್ದು, ಬೆಳಗು ಸಂಜೆ ಆಹಾರ ಹಾಕುವವರು ಮನೆಯ ಹೆಂಗಸರಾಗಿರುವುದು ಅನೇಕ ದೇಶಗಳಲ್ಲಿ ಸಾಮಾನ್ಯ. ಸಲಹೆಗಾರರು ಕೊಳದ ಮಾಲೀಕರೊಡನೆ ಮಾತ್ರ ಮಾತಾಡಿ ಹೊರಟರೆ ಕೊಟ್ಟ ಶುಲ್ಕದ ಹೆಚ್ಚಿನ ಪಾಲು ವ್ಯರ್ಥ. ದಿನನಿತ್ಯ ಕೊಳದ ಬಳಿ ಇರುವವರು ಎದುರಿಗಿದ್ದಾಗಲೇ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾತು ನಡೆಯಬೇಕೆಂದು ಮೊದಲೇ ತಿಳಿಸಿಬಿಡಿ.

ನೀರನ್ನು ಕೊಳದ ಬಳಿ ಅಳೆಯದೆ, ಮೀನನ್ನು ಕೈಯಲ್ಲಿ ಹಿಡಿಯದೆ, ನೋಡಿದ ಕೂಡಲೇ ಔಷಧದ ಹೆಸರು ಬರೆದುಕೊಡುವವರಿಗೆ ಎರಡನೇ ಭೇಟಿ ಬೇಡ.

ಶುಲ್ಕದ ವಿಧಾನ

ಭೇಟಿಗೆ ಇಷ್ಟು ಎಂದು ಕೊಡುವುದು ಆರಂಭಕ್ಕೆ ಸೂಕ್ತ, ಆದರೆ ತೊಂದರೆ ಬಂದಾಗಷ್ಟೇ ಕರೆಯುವ ಅಭ್ಯಾಸ ಅದರಿಂದ ಬೆಳೆಯುತ್ತದೆ. ನಂಬಿಕೆ ಕುದುರಿದ ಮೇಲೆ ಇಡೀ ಬೆಳೆಯ ಅವಧಿಗೆ ಒಂದು ಮೊತ್ತ ನಿಗದಿಪಡಿಸಿ, ಕನಿಷ್ಠ ಎಷ್ಟು ಭೇಟಿಗಳೆಂದು ಹೇಳಿ, ನಡುವೆ ಫೋನಿನಲ್ಲಿ ಕೇಳುವ ಅವಕಾಶವನ್ನೂ ಸೇರಿಸಿಕೊಳ್ಳುವುದು ಉತ್ತಮ. ಮೀನಿನ ಚಿತ್ರ, ನೀರಿನ ಬಣ್ಣದ ಚಿತ್ರ ಕಳಿಸಿ ಸಲಹೆ ಕೇಳುವುದು ಭೇಟಿಗಳ ನಡುವಿನ ದಿನಗಳಿಗೆ ಸಾಕಾಗುತ್ತದೆಯಾದರೂ ಅದು ಭೇಟಿಗೆ ಬದಲಿಯಾಗಲಾರದು, ಏಕೆಂದರೆ ಅಮೋನಿಯವೂ ಆಮ್ಲಜನಕವೂ ಚಿತ್ರದಲ್ಲಿ ಕಾಣುವುದಿಲ್ಲ. ಪ್ರಯೋಗಾಲಯದ ಪರೀಕ್ಷೆ, ಮರಿಗಳಲ್ಲಿ ರೋಗಾಣು ಇದೆಯೇ ಎಂದು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಇವುಗಳ ಶುಲ್ಕವನ್ನು ಸಲಹೆಯ ಶುಲ್ಕದಿಂದ ಬೇರೆಯಾಗಿಯೇ ಇಡಬೇಕು ಮತ್ತು ಸಾಧ್ಯವಾದರೆ ಪ್ರಯೋಗಾಲಯಕ್ಕೆ ನೇರವಾಗಿ ಕೊಡಬೇಕು.

ಇಳುವರಿಯಲ್ಲಿ ಪಾಲು ಕೊಡುವ ಪದ್ಧತಿ ಕೇಳಲು ಆಕರ್ಷಕ. ಲಾಭವಾದರೆ ಮಾತ್ರ ಕೊಡುತ್ತೇವೆ ಎಂಬ ನೆಮ್ಮದಿ ಅದರಲ್ಲಿದೆ. ಆದರೂ ನಾನು ಅದನ್ನು ಸೂಚಿಸಲಾರೆ. ಇಳುವರಿಯ ಮೇಲೆ ಸಂಭಾವನೆ ನಿಂತಿರುವಾಗ ಹೆಚ್ಚು ಮರಿ ಬಿಡಿ, ಹೆಚ್ಚು ಆಹಾರ ಹಾಕಿ ಎನ್ನುವ ಕಡೆಗೆ ಸಲಹೆ ವಾಲುತ್ತದೆ, ಅಪಾಯವೆಲ್ಲ ಕೃಷಿಕರ ಪಾಲಿಗೆ ಬೀಳುತ್ತದೆ. ಮೇಲಾಗಿ ಮೀನು ಹಿಡಿದ ದಿನದ ತೂಕದ ಬಗ್ಗೆ ಜಗಳ ತಪ್ಪಿದ್ದಲ್ಲ. ಫಲಿತಾಂಶಕ್ಕೆ ಶುಲ್ಕ ಕಟ್ಟಲೇಬೇಕೆಂದಿದ್ದರೆ ಒಂದು ಕಿಲೋ ಮೀನಿಗೆ ಹಿಡಿದ ಆಹಾರ ಎಷ್ಟು ಕಡಿಮೆಯಾಯಿತು ಎಂಬುದಕ್ಕೆ ಸಣ್ಣ ಬಹುಮಾನವನ್ನು ಇಡಿ.

ಮೀನು ಕೃಷಿಕರ ಕೈಗೆ ಹಣ ಬರುವುದು ಮೀನು ಹಿಡಿದಾಗ. ಮರಿ ಬಿಡುವ ಹೊತ್ತಿಗೆ ಪೂರ್ತಿ ಶುಲ್ಕ ಕೇಳಿದರೆ ಅದಕ್ಕಾಗಿ ಸಾಲ ಮಾಡಬೇಕಾಗುತ್ತದೆ, ಆಗ ಸಲಹೆಯ ಬೆಲೆಗೆ ಬಡ್ಡಿಯೂ ಸೇರುತ್ತದೆ. ಮರಿ ಬಿಡುವಾಗ ಒಂದು ಕಂತು, ಬೆಳೆಯ ನಡುವೆ ಒಂದು, ಮೀನು ಮಾರಿದ ಮೇಲೆ ಒಂದು ಎಂದು ಮೂರು ಭಾಗ ಮಾಡಿಕೊಳ್ಳಿ. ಕೊನೆಯ ಕಂತನ್ನು ಲಾಭದ ಮೇಲೆ ನಿಲ್ಲಿಸಬೇಡಿ, ಬೆಳೆಯ ಪೂರ್ಣ ಲೆಕ್ಕವನ್ನು ಬರಹದಲ್ಲಿ ಒಪ್ಪಿಸುವುದರ ಮೇಲೆ ನಿಲ್ಲಿಸಿ. ನೆರೆ ಬಂದದ್ದಕ್ಕೋ ವಿದ್ಯುತ್ ಕೈಕೊಟ್ಟು, ನೀರಿಗೆ ಗಾಳಿ ಬೆರೆಸುವ ಏರೇಟರ್ ಯಂತ್ರ ನಿಂತದ್ದಕ್ಕೋ ಸಲಹೆಗಾರರನ್ನು ಹೊಣೆ ಮಾಡುವುದು ನ್ಯಾಯವಲ್ಲ.

ಒಪ್ಪಂದ ಒಂದು ಪುಟಕ್ಕಿಂತ ಹೆಚ್ಚಿರಬೇಕಾಗಿಲ್ಲ. ಭೇಟಿಗಳ ಸಂಖ್ಯೆ, ಪ್ರತಿ ಭೇಟಿಯಲ್ಲಿ ಅಳೆಯಬೇಕಾದ ಸಂಗತಿಗಳು, ತುರ್ತು ಕರೆಗೆ ಎಷ್ಟು ಗಂಟೆಯೊಳಗೆ ಬರಬೇಕು, ಕಂತುಗಳ ದಿನ, ಕಮಿಷನ್ ಬಗೆಗಿನ ಘೋಷಣೆ, ಯಾವಾಗ ಬೇಕಾದರೂ ಒಪ್ಪಂದ ಮುರಿಯಲು ಇಬ್ಬರಿಗೂ ಇರುವ ಹಕ್ಕು ಇಷ್ಟು ಇದ್ದರೆ ಸಾಕು. ಓದಲು ಬಾರದ ಸದಸ್ಯರಿದ್ದರೆ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಹೇಳಬೇಕು.

ಗುಂಪಾಗಿ ಕೊಳ್ಳುವುದು

ಸಣ್ಣ ಕೊಳಗಳವರಿಗೆ ಇದೇ ನಿಜವಾದ ದಾರಿ. ಭಾರತದಲ್ಲಿ ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರವು 2007ರಲ್ಲಿ ಸ್ಥಾಪಿಸಿದ ಸುಸ್ಥಿರ ಜಲಕೃಷಿಯ ರಾಷ್ಟ್ರೀಯ ಕೇಂದ್ರವು ಸಣ್ಣ ಸಿಗಡಿ ಕೃಷಿಕರನ್ನು ಸಂಘಗಳಾಗಿ ಒಗ್ಗೂಡಿಸುವ ಕೆಲಸ ಮಾಡಿದೆ. ಒಂದೇ ಕಾಲುವೆಯಿಂದ ನೀರು ಪಡೆಯುವವರು ಪರೀಕ್ಷಿಸಿದ ಮರಿಗಳನ್ನು ಒಟ್ಟಿಗೆ ಕೊಂಡು, ಒಂದೇ ಅವಧಿಯಲ್ಲಿ ಬಿತ್ತನೆ ಮಾಡಿ, ರೋಗ ಬಂದರೆ ಪರಸ್ಪರ ತಿಳಿಸುವ ಕ್ರಮ ಅಲ್ಲಿನ ತಿರುಳು. ನೀರು ಹಂಚಿಕೊಳ್ಳುವವರು ಸಲಹೆಯನ್ನೂ ಹಂಚಿಕೊಂಡರೆ ಅದರ ಫಲ ಇಮ್ಮಡಿಯಾಗುತ್ತದೆ, ಏಕೆಂದರೆ ಒಬ್ಬರ ಕೊಳದ ರೋಗ ಉಳಿದವರ ಕೊಳಕ್ಕೆ ಹೋಗುವ ದಾರಿಯೇ ಆ ನೀರು.

ಗುಂಪಿನ ಶುಲ್ಕವನ್ನು ತಲೆಗೆ ಇಷ್ಟೆಂದು ಸಮನಾಗಿ ಹಂಚಬೇಡಿ. ಕೊಳದ ವಿಸ್ತೀರ್ಣಕ್ಕೆ ಅನುಗುಣವಾಗಿ ಹಂಚಿ. ಸಮಪಾಲು ಮಾಡಿದಲ್ಲೆಲ್ಲ ಚಿಕ್ಕವರು ಮೊದಲು ಬಿಟ್ಟುಹೋಗುತ್ತಾರೆ, ದೊಡ್ಡವರ ಕೊಳಕ್ಕೇ ಹೆಚ್ಚು ಭೇಟಿಗಳು ಸಲ್ಲುತ್ತವೆ. ಭೇಟಿಯ ಸರದಿಯನ್ನು ಬರೆದಿಡಿ. ಸಲಹೆಗಾರರು ಪ್ರತಿ ಬಾರಿಯೂ ಒಂದು ಕೊಳದ ಬಳಿ ಎಲ್ಲರನ್ನೂ ಸೇರಿಸಿ ತೂಕ ಹಾಕುವುದನ್ನೂ ನೀರು ಅಳೆಯುವುದನ್ನೂ ಮಾಡಿ ತೋರಿಸಬೇಕು, ಅನಂತರ ಉಳಿದ ಕೊಳಗಳನ್ನು ಸುತ್ತಬೇಕು. ಗುಂಪಿನ ಒಬ್ಬ ಯುವಕ ಅಥವಾ ಯುವತಿಗೆ ಮಾಪಕ ಬಳಸುವುದನ್ನು ಕಲಿಸುವುದು ಒಪ್ಪಂದದ ಭಾಗವಾಗಿರಲಿ. ಎರಡನೇ ಬೆಳೆಯ ಹೊತ್ತಿಗೆ ದಿನನಿತ್ಯದ ಅಳತೆಯನ್ನು ಅವರೇ ನೋಡಿಕೊಂಡರೆ ತಜ್ಞರ ಭೇಟಿಗಳನ್ನೂ ಶುಲ್ಕವನ್ನೂ ಇಳಿಸಬಹುದು.

ಅಷ್ಟೂ ಕೊಡಲಾಗದ ಕುಟುಂಬಗಳಿಗೆ ಸರ್ಕಾರದ ಅಥವಾ ಸಂಸ್ಥೆಗಳ ನೆರವು ಬೇಕೇ ಬೇಕು. ಆ ನೆರವು ಸಲಹೆಗಾರರ ಸಂಬಳವಾಗಿ ಹೋಗುವುದಕ್ಕಿಂತ ಕೃಷಿಕರ ಕೈಯಲ್ಲಿರುವ ಕೂಪನ್ ಆಗಿ ಬಂದರೆ, ಸೇವೆ ಸರಿಯಿಲ್ಲದಾಗ ಬೇರೆಯವರ ಬಳಿ ಹೋಗುವ ಶಕ್ತಿ ಅವರಿಗೆ ದೊರೆಯುತ್ತದೆ. ಸಂಘಗಳು ಅಧಿಕಾರಿಗಳ ಮುಂದೆ ಬೇಡಿಕೆ ಇಡುವಾಗ ಇದನ್ನು ಸ್ಪಷ್ಟವಾಗಿ ಕೇಳಬೇಕು.

ಕೊಟ್ಟ ಹಣ ಸಾರ್ಥಕವಾಯಿತೇ ಎಂದು ತಿಳಿಯುವ ಬಗೆ

ದಾಖಲೆಯಿಲ್ಲದೆ ಇದು ಸಾಧ್ಯವಿಲ್ಲ. ಪುಸ್ತಕದ ಒಂದು ಪುಟದಲ್ಲಿ ದಿನಾಂಕ, ಬೆಳಗಿನ ಆಹಾರ, ಸಂಜೆಯ ಆಹಾರ, ಸತ್ತ ಮೀನಿನ ಸಂಖ್ಯೆ, ನೀರಿನ ಬಣ್ಣ ಇವಕ್ಕೆ ಐದು ಅಂಕಣ ಎಳೆದರೆ ಸಾಕು. ಹದಿನೈದು ದಿನಕ್ಕೊಮ್ಮೆ ಬೀಸುಬಲೆಯಲ್ಲಿ ಸಿಕ್ಕ ಮೀನುಗಳ ಸರಾಸರಿ ತೂಕವನ್ನು ಅದರ ಕೆಳಗೆ ಬರೆಯಿರಿ. ಸಲಹೆಗಾರರು ಬರುವ ಮುಂಚಿನ ಒಂದು ಬೆಳೆಯ ಲೆಕ್ಕ ಹೀಗೆ ಇದ್ದರೆ ಹೋಲಿಕೆಗೆ ಆಧಾರ ಸಿಗುತ್ತದೆ. ಎರಡು ಕೊಳಗಳಿರುವವರು ಮೊದಲ ಬೆಳೆಯಲ್ಲಿ ಒಂದನ್ನು ಸಲಹೆಯಂತೆ, ಇನ್ನೊಂದನ್ನು ತಮ್ಮ ಹಳೆಯ ಕ್ರಮದಂತೆ ನಡೆಸಿದರೆ, ಆ ವರ್ಷದ ಮಳೆ ಬಿಸಿಲುಗಳ ಪ್ರಭಾವ ಎರಡಕ್ಕೂ ಒಂದೇ ಆಗಿರುವುದರಿಂದ, ವ್ಯತ್ಯಾಸ ಎಲ್ಲಿಂದ ಬಂತೆಂದು ಹೆಚ್ಚು ಖಚಿತವಾಗಿ ಹೇಳಬಹುದು.

ಮೀನು ಮಾರಿದ ಮೇಲೆ ಸಲಹೆಗಾರರೊಡನೆ ಕುಳಿತು ಮೂರು ಸಂಖ್ಯೆಗಳನ್ನು ನೋಡಿ: ಬಿಟ್ಟ ಮರಿಗಳಲ್ಲಿ ಎಷ್ಟು ಉಳಿದವು, ಒಂದು ಕಿಲೋ ಮೀನಿಗೆ ಎಷ್ಟು ಆಹಾರ ಹಿಡಿಯಿತು, ಔಷಧಕ್ಕೆ ಎಷ್ಟು ಖರ್ಚಾಯಿತು. ಮೊದಲನೆಯದು ಏರಿ ಉಳಿದೆರಡು ಇಳಿದಿದ್ದರೆ, ಉಳಿತಾಯವಾದ ಆಹಾರದ ತೂಕವನ್ನು ಕೊಟ್ಟ ಶುಲ್ಕದೊಂದಿಗೆ ತೂಗಿ ಮುಂದಿನ ಬೆಳೆಗೆ ಮಾತು ಮುಂದುವರಿಸಿ. ಔಷಧದ ಖರ್ಚು ಏರುತ್ತಲೇ ಇದ್ದು ಆಹಾರದ ಲೆಕ್ಕ ಕದಲದಿದ್ದರೆ ಕೊನೆಯ ಕಂತು ಕೊಟ್ಟು, ಆ ಸಂಬಂಧವನ್ನು ಅಲ್ಲಿಗೇ ಮುಗಿಸಿ. ಎರಡೂ ಸಂದರ್ಭಗಳಲ್ಲಿ ದಾಖಲೆ ಪುಸ್ತಕವೂ ಪರೀಕ್ಷೆಯ ವರದಿಗಳೂ ಕೃಷಿಕರ ಬಳಿಯೇ ಉಳಿಯಬೇಕು; ಮುಂದೆ ಬರುವ ಸಲಹೆಗಾರರು ಯಾರೇ ಆಗಲಿ, ಅವರಿಗೆ ಮೊದಲು ತೋರಿಸಬೇಕಾದದ್ದು ಅವನ್ನೇ.